ಐಕ್ಯತೆಯ ಮಾತು ಸಮಾಧಿ ಭೂಮಿಯವರೆಗೂ ತಲುಪಲಿ

ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ನಡೆಯುವ ಕ್ರೈಸ್ತ ಐಕ್ಯತಾ ಪ್ರಾರ್ಥನಾ ಸಪ್ತಾಹದ ಒಂದು ಸಂಜೆ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್ ಸಭೆ) ಸಭೆಯವರೂ ಎರಡು ಬೀದಿ ಆಚೆಗಿನ ಕ್ಯಾಥೋಲಿಕ್ ಧರ್ಮಕೇಂದ್ರದವರೂ ಒಟ್ಟಿಗೆ ಕೂಡುವ ರೂಢಿ ಇದೆ. ಕರ್ತನ ಪ್ರಾರ್ಥನೆಯನ್ನು ಎಲ್ಲರೂ ಒಟ್ಟಾಗಿ ಆರಂಭಿಸುತ್ತೇವೆ. ಕೇಡಿನಿಂದ ತಪ್ಪಿಸು ಎಂದು ಬೇಡುವಲ್ಲಿಗೆ ಕ್ಯಾಥೋಲಿಕ್ ಬಂಧುಗಳು ನಿಲ್ಲಿಸುತ್ತಾರೆ, ನಾವು ರಾಜ್ಯವೂ ಬಲವೂ ಮಹಿಮೆಯೂ ನಿನ್ನವೇ ಎಂದು ಮುಂದುವರಿಯುತ್ತೇವೆ. ಮೊದಮೊದಲು ಆ ಗಳಿಗೆಯಲ್ಲಿ ಎರಡೂ ಕಡೆಯವರಿಗೆ ಮುಜುಗರವಾಗುತ್ತಿತ್ತು. ಈಗ ಅವರು ತಲೆಬಾಗಿ ನಮ್ಮ ಸಾಲು ಮುಗಿಯುವವರೆಗೆ ಕಾಯುತ್ತಾರೆ, ಆಮೆನ್ ಮಾತ್ರ ಎಲ್ಲರ ಬಾಯಿಂದ ಕೂಡಿ ಬರುತ್ತದೆ.

ಆ ಸಂಜೆ ನನಗೆ ಬಹಳ ಪ್ರಿಯವಾದದ್ದು. ಆದರೆ ನಮ್ಮ ಸಹಕಾರ ಅಲ್ಲಿಗೇ ಮುಗಿಯಬಾರದು, ಅದು ಸಾವಿನ ಮನೆಯವರೆಗೂ ಬರಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ನನ್ನ ಸೋದರತ್ತೆ ತೀರಿಕೊಂಡರು. ಅವರು ಸೇರಿಕೊಂಡಿದ್ದ ಸಭೆ ಬಾಡಿಗೆ ಹಾಲಿನಲ್ಲಿ ನಡೆಯುವ ಚಿಕ್ಕ ಸಭೆ. ಅದಕ್ಕೆ ಸ್ವಂತ ಸಮಾಧಿ ಭೂಮಿ ಇಲ್ಲ. ಹತ್ತಿರದ ಒಂದು ಚರ್ಚಿನಲ್ಲಿ ಕೇಳಿದಾಗ ಸದಸ್ಯತ್ವದ ಪ್ರಶ್ನೆ ಬಂತು, ವಂತಿಗೆಯ ಪ್ರಶ್ನೆ ಬಂತು, ಕಮಿಟಿ ಸೇರಬೇಕೆಂದರು. ಅತ್ತೆಯ ಮಗ ಅವರ ದೀಕ್ಷಾಸ್ನಾನದ ಹಳೆಯ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಕಮಿಟಿಯವರ ಮನೆಯಿಂದ ಮನೆಗೆ ಅಲೆದ. ಐಸ್ ಪೆಟ್ಟಿಗೆಯ ಕೆಳಗಿಟ್ಟ ತಟ್ಟೆಯಲ್ಲಿ ನೀರು ತುಂಬಿದಾಗೆಲ್ಲ ನಾನೇ ಚೆಲ್ಲಿ ಬರುತ್ತಿದ್ದೆ. ಸಂಜೆಯಾದರೂ ಒಪ್ಪಿಗೆ ಸಿಗದೆ, ಮರುದಿನ ಬೇರೆ ಊರಿಗೆ ಒಯ್ದು ಮಣ್ಣು ಮಾಡಿದೆವು.

ನಾವು ಕರ್ತನ ಭೋಜನ ಎನ್ನುವ, ಕ್ಯಾಥೋಲಿಕ್ ಬಂಧುಗಳು ಪರಮಪ್ರಸಾದ ಎನ್ನುವ ರೊಟ್ಟಿ ದ್ರಾಕ್ಷಾರಸದ ಸಂಸ್ಕಾರದಲ್ಲಿ ಒಬ್ಬರೊಂದಿಗೊಬ್ಬರು ಪಾಲುಗೊಳ್ಳಲು ಅಡ್ಡಿಯಾಗಿರುವ ಬೋಧನೆಯ ಭೇದಗಳು ನಿಜವಾದವು, ನಾನು ಅವನ್ನು ಗೌರವಿಸುತ್ತೇನೆ. ಸಮಾಧಿಯ ವಿಷಯದಲ್ಲಿ ಅಂಥ ಅಡ್ಡಿಯಿಲ್ಲ. ಕ್ಯಾಥೋಲಿಕ್ ಧರ್ಮಸಭೆಯ 1983ರ ಕಾನೂನು ಸಂಹಿತೆಯೇ, ಬೇರೆ ಸಭೆಯಲ್ಲಿ ದೀಕ್ಷಾಸ್ನಾನ ಪಡೆದವರಿಗೆ ತಮ್ಮದೇ ಸಭೆಯ ಪಾಸ್ಟರರು ಸಿಗದಿದ್ದಲ್ಲಿ, ಅದು ಮೃತರ ಇಚ್ಛೆಗೆ ವಿರುದ್ಧವಾಗಿರದಿದ್ದರೆ, ಅವರ ಅಂತ್ಯಕ್ರಿಯೆ ನಡೆಸಿಕೊಡಲು ಅನುಮತಿಸುವ ವಿವೇಚನೆಯನ್ನು ಧರ್ಮಾಧ್ಯಕ್ಷರಿಗೆ, ಅಂದರೆ ಬಿಷಪ್ಪರಿಗೆ, ಬಿಟ್ಟಿದೆ. ಇನ್ನು ಪ್ರೊಟೆಸ್ಟೆಂಟರಾದ ನಮ್ಮ ಮಾತು. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಆಂಗ್ಲಿಕನ್ ಸಭೆಯ ಬಿಷಪ್ ಅಜರಯ್ಯನವರೂ ಅವರ ಜೊತೆಗಾರರೂ ನಮ್ಮ ಒಡಕುಗಳ ಬಗ್ಗೆ ನೊಂದು ಐಕ್ಯತೆಗೆ ಕರೆ ಕೊಟ್ಟರು. ಮುಂದೆ 28 ವರ್ಷಗಳ ಮಾತುಕತೆಯ ನಂತರ, 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಮೊದಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳವರು ಕೂಡಿ ಸಿಎಸ್‌ಐ ಆಯಿತು. ಬಿಷಪ್ಪರಿರಬೇಕೋ ಬೇಡವೋ ಎಂಬಂಥ ಕಠಿಣ ಪ್ರಶ್ನೆಯನ್ನೇ ಕೂತು ಬಗೆಹರಿಸಿಕೊಂಡ ಪರಂಪರೆಯ ನಾವು ಆರಡಿ ನೆಲದ ಪ್ರಶ್ನೆಯನ್ನು ಬಗೆಹರಿಸಲಾರೆವೇ?

ಜಾಗದ ಕೊರತೆ ನಿಜ, ನಗರಗಳಲ್ಲಂತೂ ಹಳೆಯ ಕುಟುಂಬ ಸಮಾಧಿಗಳನ್ನೇ ಮತ್ತೆ ತೆರೆದು ಬಳಸಬೇಕಾಗಿದೆ. ಅದಕ್ಕಾಗಿಯೇ ಸಾವು ಬರುವ ಮೊದಲು, ಸಮಾಧಾನದ ಹೊತ್ತಿನಲ್ಲಿ, ನೆರೆಯ ಸಭೆಗಳ ನಡುವೆ ಬರವಣಿಗೆಯಲ್ಲಿ ಒಪ್ಪಂದವಾಗಬೇಕು: ಎಷ್ಟು ಜಾಗ, ಎಷ್ಟು ಶುಲ್ಕ, ಗೇಟಿನ ಬೀಗದ ಕೈ ಯಾರ ಬಳಿ, ಪ್ರಾರ್ಥನೆ ಯಾರದು. ದುಃಖದಲ್ಲಿರುವ ಮಗನೊಬ್ಬ ಚೀಟಿ ಹಿಡಿದು ಅಲೆಯುವಂತಾಗಬಾರದು.

ಈ ವಿಷಯವನ್ನು ನಮ್ಮ ಸಭೆಯ ಕಮಿಟಿಯ ಮುಂದಿಡಬೇಕೆಂದು ಅರ್ಜಿ ಬರೆದುಕೊಟ್ಟಿದ್ದೇನೆ. ಬರುವ ಜನವರಿಯ ಕೂಟಕ್ಕೆ ಬಾಡಿಗೆ ಹಾಲಿನ ಆ ಚಿಕ್ಕ ಸಭೆಯ ಪಾಸ್ಟರರನ್ನೂ ಕರೆಯಬೇಕೆಂದು ಅದರಲ್ಲೇ ಕೇಳಿದ್ದೇನೆ. ಇಷ್ಟು ವರ್ಷವೂ ಅವರಿಗೆ ಕರೆ ಹೋಗಿರಲಿಲ್ಲ.