ಕಪ್ಪೆ ಊಟ ಬಿಟ್ಟರೆ ದನದ ಡಾಕ್ಟರ ಹತ್ತಿರವೇ ಹೋಗಿ

ಬೆಳಗಾವಿಯಲ್ಲಿ ಕಪ್ಪೆ ಸಾಕುವವರು ಇದ್ದಾರೆ ಅಂದರೆ ಎಷ್ಟೋ ಜನ ನಂಬುವುದಿಲ್ಲ. ಇದ್ದಾರೆ. ನನಗೆ ಪರಿಚಯ ಇರುವವರೇ ಟಿಳಕವಾಡಿಯಲ್ಲಿ, ಶಹಾಪುರದಲ್ಲಿ, ಕ್ಯಾಂಪಿನಲ್ಲಿ ಇದ್ದಾರೆ. ನಾಯಿ ಊಟ ಬಿಟ್ಟರೆ ಎಲ್ಲಿಗೆ ಹೋಗಬೇಕು ಅಂತ ಈ ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕಪ್ಪೆ ಊಟ ಬಿಟ್ಟರೆ? ಕೇಳುವುದಕ್ಕೇ ಸಂಕೋಚ. ಕೇಳಿದರೂ ಬರುವ ಉತ್ತರ ಒಂದೇ: "ಕಪ್ಪಿಗೆಲ್ಲಿ ಡಾಕ್ಟರ್ ಹುಡಕ್ತೀರ್ರೀ, ಹೊಲದಾಗ ಬಿಟ್ಟು ಬರ್ರಿ."

ಈ ಮಾತನ್ನು ನಾನು ಒಪ್ಪುವುದಿಲ್ಲ. ಮನೆಗೆ ತಂದ ಮೇಲೆ ಅದು ನಮ್ಮ ಜವಾಬ್ದಾರಿ. ಸಣ್ಣ ಪ್ರಾಣಿ, ಬಾಲ ಅಲ್ಲಾಡಿಸುವುದಿಲ್ಲ, ಮೈ ಸವರಿದರೆ ಖುಷಿಪಡುವುದಿಲ್ಲ ಅನ್ನುವ ಕಾರಣಕ್ಕೆ ಅದರ ನೋವು ಕಡಿಮೆ ಆಗುವುದಿಲ್ಲ. ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮ ಕಡೆ ಕಪ್ಪೆಗೆ ಸಹಾಯ ಸಿಗುವುದೇ ಇಲ್ಲ ಅನ್ನುವುದು ಸುಳ್ಳು. ನಾವು ಸರಿಯಾಗಿ ತಯಾರಾಗಿ ಹೋಗಿ ಕೇಳಿದರೆ, ದಿನವಿಡೀ ಎಮ್ಮೆ, ಆಕಳು, ಆಡು ನೋಡುವ ಡಾಕ್ಟರೇ ಬಹಳಷ್ಟು ಮಾಡಬಲ್ಲರು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಮ್ಮ ಮನೆಯ ಕಪ್ಪೆಯ ಹೆಸರು ಗುಂಡ. ಅಕ್ಕನ ಮಗ ಓದಲಿಕ್ಕೆ ಪುಣೆಗೆ ಹೋಗುವಾಗ ನಮ್ಮಲ್ಲಿ ಬಿಟ್ಟುಹೋದ. ಅಂಗಡಿಗಳಲ್ಲಿ ಪ್ಯಾಕ್‌ಮ್ಯಾನ್ ಕಪ್ಪೆ ಅಂತ ಮಾರುವ ಜಾತಿ. ದುಂಡು ಮೈ, ಮುಖದ ತುಂಬ ಬಾಯಿ, ಕಣ್ಣಿನ ಮೇಲೆ ಕೊಂಬಿನಂಥ ಸಣ್ಣ ಮೊನೆ. ಮೂಲ ಊರು ದಕ್ಷಿಣ ಅಮೆರಿಕ. ಅರ್ಜೆಂಟೀನಾ, ಪರಾಗ್ವೆ ಕಡೆಯ ಗ್ರಾನ್ ಚಾಕೊ ಬಯಲಿನಲ್ಲಿ ತಿಂಗಳುಗಟ್ಟಲೆ ಮಳೆ ಇರುವುದಿಲ್ಲ. ಆಗ ಈ ಕಪ್ಪೆ ನೆಲದೊಳಗೆ ಹೂತುಕೊಳ್ಳುತ್ತದೆ. ಕಳಚಿದ ತನ್ನದೇ ಚರ್ಮದ ಪದರಗಳಿಂದ ಮೈಸುತ್ತ ಕವಚ ಮಾಡಿಕೊಂಡು, ಏನೂ ತಿನ್ನದೆ ಮಳೆ ಬರುವ ತನಕ ಕೂರುತ್ತದೆ. ಹಾಗಾಗಿ ಊಟ ಬಿಟ್ಟಿತು ಅಂದಾಕ್ಷಣ ರೋಗ ಅಂತ ಗಾಬರಿ ಬೀಳಬೇಕಿಲ್ಲ. ಚಳಿ ಆಯಿತು, ಮಣ್ಣು ಒಣಗಿತು ಅಂದರೆ ಅದರ ಮೈಯೇ ಊಟ ನಿಲ್ಲಿಸುತ್ತದೆ.

ಬೆಳಗಾವಿಯ ಚಳಿಗಾಲದಲ್ಲಿ ಆಗುವುದು ಇದೇ. ಡಿಸೆಂಬರ್, ಜನವರಿಯ ರಾತ್ರಿ ಇಲ್ಲಿ 14 ಡಿಗ್ರಿಗೆ ಇಳಿಯುವುದು ಹೊಸದೇನಲ್ಲ. ಈ ಕಪ್ಪೆಗೆ ಬೇಕಾದ್ದು 24ರಿಂದ 28 ಡಿಗ್ರಿ. ಕಪ್ಪೆಯ ಮೈಗೆ ಸ್ವಂತ ಬಿಸಿ ಇಲ್ಲ. ಸುತ್ತಲಿನ ಬಿಸಿ ಇಳಿದರೆ ಹೊಟ್ಟೆಯ ಕೆಲಸವೂ ನಿಧಾನ ಆಗುತ್ತದೆ. ಆಗ ಒತ್ತಾಯ ಮಾಡಿ ತಿನ್ನಿಸಿದರೆ ಅರಗದೆ ಒಳಗೇ ಕೊಳೆಯಬಹುದು. ಅದಕ್ಕೇ ಮೊದಲು ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇಡಿ, ಬೆಳಗಿನ ಜಾವ ಎಷ್ಟಿದೆ ನೋಡಿ. ಹೀಟಿಂಗ್ ಮ್ಯಾಟ್ ತಂದರೆ ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಜೊತೆಗೇ ತನ್ನಿ, ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿ. ಅಡಿಗೆ ಇಟ್ಟರೆ ಹೂತುಕೊಂಡ ಕಪ್ಪೆಯ ಹೊಟ್ಟೆ ಸುಡಬಹುದು. ಬಿಸಿಲಿಗೆ ಇಡುವುದಂತೂ ಬೇಡವೇ ಬೇಡ, ಗಾಜಿನ ಪೆಟ್ಟಿಗೆ ಸ್ವಲ್ಪ ಹೊತ್ತಿನಲ್ಲೇ ಒಲೆಯಂತೆ ಕಾಯುತ್ತದೆ. ವಿಜಯಪುರ, ಬಾಗಲಕೋಟೆಯವರಿಗೆ ಬೇಸಿಗೆಯಲ್ಲಿ ಇದರ ಉಲ್ಟಾ ಸಮಸ್ಯೆ. ಹೊರಗೆ 40 ದಾಟಿದಾಗ ಮನೆಯ ತಂಪಾದ ಕೋಣೆಯಲ್ಲಿ, ನೆಲದ ಹತ್ತಿರ ಇಡಿ.

ನೀರಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಕಪ್ಪೆ ನಮ್ಮ ಹಾಗೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆ, ತೊಡೆಯ ತೆಳು ಚರ್ಮದಿಂದ ಹೀರಿಕೊಳ್ಳುತ್ತದೆ. ಉಸಿರಾಟದ ಒಂದು ಪಾಲೂ ಚರ್ಮದ್ದೇ. ನೀರಿನಲ್ಲಿ ಏನಿದೆಯೋ ಅದು ನೇರ ಮೈಯೊಳಗೆ ಹೋಗುತ್ತದೆ. ನಮ್ಮ ನಲ್ಲಿಗೆ ಬರುವ ರಾಕಸಕೊಪ್ಪ, ಹಿಡಕಲ್ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅದು ನಮ್ಮ ಆರೋಗ್ಯಕ್ಕೆ ಬೇಕು, ಕಪ್ಪೆಗೆ ಬೇಡ. ಅಗಲ ಬಾಯಿಯ ಪಾತ್ರೆಯಲ್ಲಿ 24 ಗಂಟೆ ತೆರೆದಿಟ್ಟು ಬಳಸಿ, ಇಲ್ಲವೇ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ದ್ರವ ಹಾಕಿ. ಬಟ್ಟಲಿನ ನೀರು ದಿನಾ ಬದಲಿಸಿ. ಹೊಲಸು ನೀರಿನಲ್ಲೇ ಕೂತರೆ ಅದರಲ್ಲಿನ ಅಮೋನಿಯಾ ಚರ್ಮದಿಂದ ಒಳಹೋಗಿ ವಿಷವಾಗುತ್ತದೆ. ಪೆಟ್ಟಿಗೆಯನ್ನು ಫಿನೈಲ್‌ನಿಂದ ಒರೆಸಬೇಡಿ. ಆ ಕೋಣೆಯಲ್ಲಿ ಸೊಳ್ಳೆ ಮಷಿನ್ ಹಚ್ಚಬೇಡಿ. ಅದರಲ್ಲಿರುವ ಪೈರೆಥ್ರಾಯ್ಡ್ ಕಪ್ಪೆ, ಮೀನು ಎರಡಕ್ಕೂ ಅಪಾಯ.

ಎಷ್ಟೋ ಸಲ ಕಪ್ಪೆಗೆ ಹಸಿವು ಇರುತ್ತದೆ, ಕೊಟ್ಟದ್ದು ಇಷ್ಟ ಆಗಿರುವುದಿಲ್ಲ. ಇದು ನಮ್ಮ ಕಡೆ ತುಂಬ ಆಗುವ ಸಂಗತಿ. ಎರೆಗೊಬ್ಬರ ಮಾಡುವ ರೈತರ ಹತ್ತಿರ ಹುಳ ಸಿಗುತ್ತದೆ ಅಂತ ತರುತ್ತಾರೆ. ಆ ತೊಟ್ಟಿಗಳಲ್ಲಿ ಇರುವ ಸಣ್ಣ, ಪಟ್ಟೆ ಪಟ್ಟೆಯ ಕೆಂಪು ಹುಳ ಐಸೇನಿಯಾ ಫೆಟಿಡಾ. ಹಿಡಿದರೆ ಅದು ಕೆಟ್ಟ ವಾಸನೆಯ ಹಳದಿ ರಸ ಬಿಡುತ್ತದೆ. ಕಪ್ಪೆ ಒಮ್ಮೆ ಬಾಯಿಗೆ ಹಾಕಿಕೊಂಡು ಎರಡೂ ಕೈಯಿಂದ ಒರೆಸಿ ಉಗುಳುತ್ತದೆ. ಆಮೇಲೆ ಹುಳ ಕಂಡರೆ ಮುಖ ತಿರುಗಿಸುತ್ತದೆ. ಅದೇ ರೈತರ ಹತ್ತಿರ ದಪ್ಪನೆಯ ಯೂಡ್ರಿಲಸ್ ಹುಳ ಕೇಳಿ, ಅದನ್ನು ತಿನ್ನುತ್ತದೆ. ಕಬ್ಬಿನ ಹೊಲದಿಂದ ಮಿಡತೆ ಹಿಡಿದು ಮಾತ್ರ ಹಾಕಬೇಡಿ. ಔಷಧಿ ಹೊಡೆದ ಬೆಳೆ ತಿಂದ ಹುಳ ಅದು. ಇನ್ನೊಂದು, ಕಪ್ಪೆಗೆ ಕಾಣುವುದು ಅಲ್ಲಾಡುವ ಆಹಾರ. ಸುಮ್ನೆ ಮುಂದೆ ಇಟ್ಟರೆ ನೋಡುವುದೂ ಇಲ್ಲ, ಚಿಮಟದಲ್ಲಿ ಹಿಡಿದು ಆಡಿಸಬೇಕು.

ಬಾಯಿ ಬಲವಂತವಾಗಿ ಬಿಡಿಸಿ ತುರುಕುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಕಪ್ಪೆ ನುಂಗುವಾಗ ಕಣ್ಣುಗುಡ್ಡೆ ಒಳಕ್ಕೆ ಇಳಿದು ಆಹಾರವನ್ನು ಗಂಟಲಿನ ಕಡೆಗೆ ತಳ್ಳುತ್ತದೆ. ಅಷ್ಟು ನಾಜೂಕಿನ ಕೆಲಸ ಅದು. ಕ್ಯಾಲ್ಸಿಯಂ ಕೊರತೆ ಇರುವ ಕಪ್ಪೆಯ ದವಡೆ ಮೆತ್ತಗಾಗಿರುತ್ತದೆ, ಎಳೆದರೆ ಮುರಿಯುತ್ತದೆ. ಮನುಷ್ಯರ ಮುಲಾಮು ಹಚ್ಚುವುದೂ ಅಷ್ಟೇ ಅಪಾಯ. ನೋವು ಕಡಿಮೆ ಮಾಡಲು ಬೆಂಜೊಕೇನ್ ಸೇರಿಸಿದ ಮುಲಾಮು ಕಪ್ಪೆಯ ಜೀವವನ್ನೇ ತೆಗೆಯಬಹುದು. ಇನ್ನು ಚರ್ಮ ಬಿಡುವ ದಿನ ಅದು ಮೈ ಉಬ್ಬಿಸಿ, ಬೆನ್ನು ಬಾಗಿಸಿ, ಬಾಯಿ ತೆರೆದು ಮುಚ್ಚಿ ಮಾಡುತ್ತದೆ. ನೋಡಿದವರಿಗೆ ಪ್ರಾಣ ಹೋಗುತ್ತಿದೆ ಅನಿಸುತ್ತದೆ. ಸ್ವಲ್ಪ ಹೊತ್ತು ಬಿಡಿ. ಬಿಟ್ಟ ಚರ್ಮವನ್ನು ತಾನೇ ಎಳೆದು ನುಂಗುತ್ತದೆ, ಎಲ್ಲ ಸರಿ ಆಗುತ್ತದೆ.

ಕಾಯಬಾರದ ಲಕ್ಷಣಗಳು ಬೇರೆ ಇವೆ. ತೊಡೆಯ ಒಳಭಾಗ, ಹೊಟ್ಟೆ ಕೆಂಪಾದರೆ ಅದು ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದ ಸೂಚನೆ ಇರಬಹುದು. ಹೊಟ್ಟೆ ಬಿಗಿದುಕೊಂಡು ಮಲ ನಿಂತಿದ್ದರೆ ಕಲ್ಲೋ ನಾರೋ ನುಂಗಿ ಒಳಗೆ ಕಟ್ಟಿಕೊಂಡಿರಬಹುದು. ಅಂಗಾತ ಬಿದ್ದರೆ ತಿರುಗಿ ಏಳಲು ಆಗದಿದ್ದರೆ, ಹಿಂಭಾಗದಿಂದ ಕರುಳು ಹೊರಬಂದಿದ್ದರೆ, ತೂಕ ಇಳಿಯುತ್ತಲೇ ಇದ್ದರೆ ಅವತ್ತೇ ಹೊರಡಿ. ಮೈ ತುಂಬಿದ ದೊಡ್ಡ ಕಪ್ಪೆ ಕೆಲವು ವಾರ ತಿನ್ನದೆ ತಡೆಯುತ್ತದೆ, ಮರಿ ತಡೆಯುವುದಿಲ್ಲ.

ಗುಂಡ ಬಿಸಿ, ನೀರು, ಆಹಾರ ಎಲ್ಲ ಸರಿ ಇದ್ದರೂ ತಿನ್ನಲಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಡಬ್ಬಿ ಸಮೇತ ತೂಗುತ್ತಿದ್ದೆವು, ತೂಕ ಇಳಿಯುತ್ತಾ ಬಂತು. ನಗರದ ಒಂದು ಕ್ಲಿನಿಕ್‌ನಲ್ಲಿ ನಾಯಿ, ಬೆಕ್ಕು ಮಾತ್ರ ಅಂದರು. ಡಬ್ಬಿಯ ಮುಚ್ಚಳವನ್ನೂ ತೆಗೆಸಲಿಲ್ಲ. ಆಮೇಲೆ ಊರ ಹೊರಗಿನ ಪಶು ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರಮ್ಮ ಒಂದು ಎಮ್ಮೆಗೆ ಇಂಜೆಕ್ಷನ್ ಕೊಟ್ಟು, ಕೈ ತೊಳೆದು ಬಂದು, "ನಾ ಕಪ್ಪಿ ಟ್ರೀಟ್ ಮಾಡಿಲ್ರೀ. ಆದ್ರ ತೋರಸ್ರಿ, ನೋಡೋಣು" ಅಂದರು.

ಆ "ನೋಡೋಣು" ಎಷ್ಟು ದೊಡ್ಡ ಮಾತು ಅಂತ ಅವತ್ತು ಗೊತ್ತಾಯಿತು.

ಅವರು ಕೇಳಿದ್ದಕ್ಕೆಲ್ಲ ನಮ್ಮ ವಹಿಯಲ್ಲಿ ಉತ್ತರ ಇತ್ತು. ಪೆಟ್ಟಿಗೆಯ ಬಿಸಿ ಎಷ್ಟು, ಕೊನೆಗೆ ಏನು ತಿಂದಿತು, ಮಲ ಯಾವಾಗ, ತೂಕ ಎಷ್ಟೆಷ್ಟು ಇಳಿಯಿತು. ಗ್ಲೌಸ್ ಹಾಕಿ, ಅದನ್ನು ನಾವು ತಂದ ನೀರಿನಲ್ಲೇ ತೊಯಿಸಿಕೊಂಡರು. ಸಿಮ್ ಕಾರ್ಡ್ ಬಿಡಿಸಿಕೊಂಡ ಮೇಲೆ ಉಳಿಯುತ್ತದಲ್ಲ, ಆ ಪ್ಲಾಸ್ಟಿಕ್ ಚೂರಿನ ಅಂಚನ್ನು ತುಟಿಯ ಸಂದಿಗೆ ಮೆಲ್ಲಗೆ ಸೇರಿಸಿ, ಮೊಬೈಲ್ ಟಾರ್ಚಿನಲ್ಲಿ ಬಾಯೊಳಗೆ ನೋಡಿದರು. ಹುಣ್ಣು ಇರಲಿಲ್ಲ. ಬೆಳಿಗ್ಗೆ ಡಬ್ಬಿಯಲ್ಲಿ ಹಾಕಿಟ್ಟ ಮಲದ ಚೂರಿಗೆ ಸಲೈನ್ ಹನಿ ಹಾಕಿ ಮೈಕ್ರೋಸ್ಕೋಪಿನ ಕೆಳಗೆ ಇಟ್ಟರು. ನನ್ನನ್ನೂ ಕರೆದು ತೋರಿಸಿದರು. ತೆಳು ಸಿಪ್ಪೆಯ ಮೊಟ್ಟೆಗಳು, ಒಳಗೆ ಸುರುಳಿ ಸುತ್ತಿಕೊಂಡು ಮಿಸುಕಾಡುವ ಹುಳ. ಸ್ವಲ್ಪ ಹುಳ ಬಹಳ ಕಪ್ಪೆಗಳಲ್ಲಿ ಇರುತ್ತದೆ, ಇಲ್ಲಿ ಮಿತಿ ಮೀರಿತ್ತು. ಬೆಂಗಳೂರಿನಲ್ಲಿ ಇಂಥ ಪ್ರಾಣಿಗಳನ್ನು ನೋಡುವ ತಮ್ಮ ಜೊತೆ ಓದಿದವರಿಗೆ ಅಲ್ಲಿಂದಲೇ ಫೋನ್ ಮಾಡಿ, ತೂಕಕ್ಕೆ ತಕ್ಕ ಲೆಕ್ಕ ಕೇಳಿ, ಔಷಧಿ ತೆಳುಮಾಡಿ ಬಾಯಿಗೆ ಹನಿಸಿದರು. ಪ್ರಮಾಣ ಇಲ್ಲಿ ಬರೆಯುವುದಿಲ್ಲ. ಗ್ರಾಂ ಲೆಕ್ಕದ ಪ್ರಾಣಿ, ಒಂದು ಹನಿ ಹೆಚ್ಚಾದರೂ ಕಷ್ಟ. ಗುಂಡ ಈಗ ಚೆನ್ನಾಗಿ ತಿನ್ನುತ್ತಾನೆ.

ಆ ಆಸ್ಪತ್ರೆಯಲ್ಲಿ ಕಪ್ಪೆಗೆ ಅಂತ ವಿಶೇಷ ಸಾಮಾನು ಏನೂ ಇರಲಿಲ್ಲ. ಮೈಕ್ರೋಸ್ಕೋಪ್, ಸಲೈನ್, ಫೋನ್ ಇದ್ದವು. ಇವು ನಮ್ಮ ಬಹಳಷ್ಟು ಪಶು ಆಸ್ಪತ್ರೆಗಳಲ್ಲಿ ಇವೆ. ಹುಳ, ಬ್ಯಾಕ್ಟೀರಿಯಾ, ಶಿಲೀಂಧ್ರದ ಪಾಠ ಎಲ್ಲ ಪಶುವೈದ್ಯರೂ ಓದಿಯೇ ಬಂದಿರುತ್ತಾರೆ. ಇಲ್ಲದಿರುವುದು ಅನುಭವ. ನೋಡುವುದಿಲ್ಲ ಅಂತ ವಾಪಸ್ ಕಳಿಸಿದರೆ ಅನುಭವ ಬರುವುದಾದರೂ ಹೇಗೆ? ನಮ್ಮ ತಲೆಮಾರಿನ ಸೈನ್ಸ್ ಹುಡುಗರು ಪಿಯುಸಿ ಲ್ಯಾಬಿನಲ್ಲಿ ಕಪ್ಪೆ ಕೊಯ್ದು ಕಲಿತವರು. 1930ರ ದಶಕದಿಂದ ಎಷ್ಟೋ ವರ್ಷ ಹೆಂಗಸರು ಬಸುರಿಯೋ ಅಲ್ಲವೋ ಅಂತ ಪರೀಕ್ಷೆ ಮಾಡಲು ಬೇರೆ ದೇಶಗಳ ಆಸ್ಪತ್ರೆಗಳು ಆಫ್ರಿಕಾದ ಕಪ್ಪೆಗಳನ್ನೇ ಬಳಸಿದವು. ನಮ್ಮ ವೈದ್ಯಕೀಯ ಕಪ್ಪೆಯಿಂದ ಅಷ್ಟು ಪಡೆದಿದೆ. ಅದಕ್ಕೆ ಜಡ್ಡಾದಾಗ ಒಂದು ಹತ್ತು ನಿಮಿಷ ಕೊಡುವುದು ಜಾಸ್ತಿ ಆಗುವುದಿಲ್ಲ.

ನಮ್ಮ ಜಿಲ್ಲೆಯ ಅಥಣಿಯಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಪಕ್ಕದ ಗದಗಿನಲ್ಲೂ ಇದೆ. ಎರಡೂ ಬೀದರಿನ ವಿಶ್ವವಿದ್ಯಾಲಯಕ್ಕೆ ಸೇರಿದವು. ವಾರಕ್ಕೆ ಒಂದು ನಿಗದಿತ ಹೊತ್ತಿನಲ್ಲಿ, ಹಳ್ಳಿಯ ಡಾಕ್ಟರು ಫೋನ್ ಮಾಡಿ ಕೇಳಬಹುದಾದ ಒಬ್ಬ ಪ್ರೊಫೆಸರ್ ಇದ್ದರೂ ಈ ಭಾಗಕ್ಕೆ ಎಷ್ಟೋ ಅನುಕೂಲ. ಇದನ್ನು ನಾವೇ ಪತ್ರ ಬರೆದು ಕೇಳಬೇಕು ಅಂತ ನನ್ನ ಅಭಿಪ್ರಾಯ.

ಹೊಲದಲ್ಲಿ ಬಿಟ್ಟು ಬನ್ನಿ ಅನ್ನುವವರಿಗೆ ಒಂದು ವಿಷಯ ಗೊತ್ತಿರಲಿ. ಕೈಟ್ರಿಡ್ ಅನ್ನುವ ಶಿಲೀಂಧ್ರ ಕಪ್ಪೆಯ ಚರ್ಮಕ್ಕೆ ಅಂಟುತ್ತದೆ. ಊಟ ಬಿಡುವುದು, ಮಂಕಾಗುವುದು, ಚರ್ಮ ಮೇಲಿಂದ ಮೇಲೆ ಸುಲಿಯುವುದು ಅದರ ಲಕ್ಷಣ. 2019ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ ಜಗತ್ತಿನಲ್ಲಿ ಕನಿಷ್ಠ 501 ಉಭಯವಾಸಿ ಜಾತಿಗಳು ಈ ರೋಗದಿಂದ ಕುಗ್ಗಿವೆ, ಅದರಲ್ಲಿ 90 ಅಳಿದೇ ಹೋಗಿವೆ ಅಂತ ಅಂದಾಜು. ನಾವಿರುವುದು ಪಶ್ಚಿಮ ಘಟ್ಟದ ಬಾಗಿಲಲ್ಲಿ. ಈ ಕಡೆ ಖಾನಾಪುರದ ಕಾಡು, ಭೀಮಗಡ. ಆ ಕಡೆ ಅಂಬೋಲಿ. 2009ರಲ್ಲಿ ಗುರುತಿಸಿದ, ಹುಲಿಯ ಪಟ್ಟೆಯಂಥ ಗೆರೆಗಳ ಅಂಬೋಲಿ ನೆಲಗಪ್ಪೆ ಆ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಜಡ್ಡಾದ ಸಾಕು ಕಪ್ಪೆಯನ್ನು ಹಳ್ಳಕ್ಕೆ ಬಿಡುವುದು, ಅದರ ಪೆಟ್ಟಿಗೆಯ ನೀರನ್ನು ಗಟಾರಕ್ಕೆ ಚೆಲ್ಲುವುದು ಬೇಡ. ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಟಾಯ್ಲೆಟ್ಟಿಗೆ ಸುರಿಯಿರಿ. ಮಳೆಗಾಲದಲ್ಲಿ ಅಂಗಳಕ್ಕೆ ಬರುವ ನಮ್ಮ ಊರ ಗೂಳಿಗಪ್ಪೆಯನ್ನು ಹಿಡಿದು ಸಾಕುವುದೂ ಬೇಡ, ಅದಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಗಾಯವಾದದ್ದು ಸಿಕ್ಕರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.

ಅಂಗಡಿಯವರ ಮೇಲೆ ನನಗೆ ಸಿಟ್ಟಿದೆ. ಅಕ್ಕನ ಮಗನಿಗೆ ಮಾರಿದವರು ಬಿಸಿಯ ಬಗ್ಗೆ ಹೇಳಲಿಲ್ಲ, ನೀರಿನ ಬಗ್ಗೆ ಹೇಳಲಿಲ್ಲ, ಬಣ್ಣದ ಸಣ್ಣ ಕಲ್ಲು ಹಾಕಿದ ಡಬ್ಬಿಯಲ್ಲಿ ಕೊಟ್ಟು ಕಳಿಸಿದರು. ಆ ಕಲ್ಲನ್ನೇ ಕಪ್ಪೆ ನುಂಗುತ್ತದೆ. ಸಾಕುಪ್ರಾಣಿ ಅಂಗಡಿಗಳಿಗೆ 2018ರಲ್ಲೇ ನಿಯಮ ಬಂದಿದೆ, ನೋಂದಣಿ ಇಲ್ಲದೆ ಮಾರುವಂತಿಲ್ಲ. ಕೊಳ್ಳುವ ಮೊದಲು ನೋಂದಣಿ ಪತ್ರ ಕೇಳಿ. ಜಡ್ಡಾದರೆ ಯಾವ ಡಾಕ್ಟರಿಗೆ ತೋರಿಸಬೇಕು ಅಂತಲೂ ಅಲ್ಲೇ ಕೇಳಿ. ಉತ್ತರ ಬರದಿದ್ದರೆ ಕೊಳ್ಳಬೇಡಿ.

ಆಸ್ಪತ್ರೆಗೆ ಒಯ್ಯುವಾಗ ಗಾಳಿಯಾಡುವ ಸಣ್ಣ ಡಬ್ಬಿ ಸಾಕು. ಕ್ಲೋರಿನ್ ಇಲ್ಲದ ನೀರಿನಲ್ಲಿ ತೊಯಿಸಿ ಹಿಂಡಿದ ಬಿಳಿ ಟಿಶ್ಯೂ ಹಾಸಿ, ಮೇಲೆ ಬಟ್ಟೆ ಮುಚ್ಚಿ ಕತ್ತಲೆ ಮಾಡಿ. ಕಾರಿನ ಡಿಕ್ಕಿಯಲ್ಲಿ, ಬಸ್ಸಿನ ಎಂಜಿನ್ ಪಕ್ಕ ಇಡಬೇಡಿ. ಮಲ ಹೊಸದಾಗಿದ್ದರೆ ಒಯ್ಯಿರಿ, ಪೆಟ್ಟಿಗೆಯ ಫೋಟೋ ತೆಗೆದುಕೊಳ್ಳಿ, ಅದೇ ನೀರನ್ನು ಒಂದು ಬಾಟಲಿಯಲ್ಲಿ ತುಂಬಿಕೊಳ್ಳಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಪಶುವೈದ್ಯರಲ್ಲಿ ಕಪ್ಪೆ ನೋಡಲು ತಯಾರಿರುವವರು ದಯವಿಟ್ಟು ನನಗೆ ಮೆಸೇಜ್ ಮಾಡಿ. ನಿಮ್ಮ ಒಪ್ಪಿಗೆ ಇದ್ದರೆ ಮಾತ್ರ, ಕೇಳಿದವರಿಗೆ ನಿಮ್ಮ ಆಸ್ಪತ್ರೆಯ ದಾರಿ ಹೇಳುತ್ತೇನೆ.