ಫೆನಿ ಕಾಕ್‌ಟೇಲ್ ಗ್ಲಾಸಿಗೆ ಇಳಿಯಬೇಕೇ? ಪರ – ವಿರೋಧ

ಪರ: ಬೆರೆಸೋಣ, ಅಳತೆ ತಿಳಿದು ಬೆರೆಸೋಣ

ಗೇರುಹಣ್ಣಿನಿಂದಲೋ ತೆಂಗಿನ ಶೇಂದಿಯಿಂದಲೋ ಇಳಿಸುವ ಗೋವಾದ ಮದ್ಯ ಫೆನಿಯನ್ನು ಬೆರೆಸಿ ಕುಡಿಯುವುದು ಈಚಿನ ಬಾರ್‌ಗಳು ಹುಟ್ಟಿಸಿದ ಗೀಳು ಎಂಬ ಮಾತಿದೆ. ಚರಿತ್ರೆ ಬೇರೆ ಹೇಳುತ್ತದೆ. ಕಾಕ್‌ಟೇಲ್ ಎಂದರೆ ಮದ್ಯ, ಸಕ್ಕರೆ, ನೀರು, ಬಿಟರ್ಸ್ (ಕಹಿ ಗಿಡಮೂಲಿಕೆಗಳ ಸಾರ) ಸೇರಿದ ಪಾನೀಯ ಎಂದು ಅಮೆರಿಕದ ಪತ್ರಿಕೆಯೊಂದು ವಿವರಿಸಿದ್ದು 1806ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯವರ ಪತ್ರವೊಂದರಲ್ಲಿ ಪಂಚ್ ಎಂಬ ಬೆರಕೆ ಪಾನೀಯದ ಹೆಸರು ಬರುವುದು ಅದಕ್ಕೂ ಮುಂಚೆ, 1632ರಲ್ಲೇ. ಆ ಪಂಚ್‌ಗೆ ಬೇಕಾಗಿದ್ದದ್ದು ನಮ್ಮ ಕಡೆಯ ಸಾರಾಯಿ, ಹುಳಿ ಹಣ್ಣಿನ ರಸ, ಸಕ್ಕರೆ, ನೀರು, ಮಸಾಲೆ. ತೆಂಗಿನ ಶೇಂದಿಯಿಂದ ಇಳಿಸಿದ ಗೋವಾ ಅರಾಕ್ ಇಂಗ್ಲೆಂಡಿನ ಪಂಚ್ ಬಟ್ಟಲಿನವರೆಗೂ ಹೋಗಿತ್ತು. ಇವತ್ತಿನ ತೆಂಗಿನ ಫೆನಿ ಅದೇ ವಂಶದ್ದು. ಗೇರು ಫೆನಿ ಆಮೇಲಿನದು. ಮರವೇ ಪೋರ್ಚುಗೀಸರೊಂದಿಗೆ ಹದಿನಾರನೇ ಶತಮಾನದಲ್ಲಿ ಬ್ರೆಜಿಲ್‌ನಿಂದ ಬಂದದ್ದು.

ಆ ಬ್ರೆಜಿಲ್ ತನ್ನ ಕಬ್ಬಿನ ಸಾರಾಯಿ ಕಶಾಸಾವನ್ನು ಜಗತ್ತಿಗೆ ಪರಿಚಯಿಸಿದ ರೀತಿ ಗೋವಾಕ್ಕೆ ಪಾಠವಾಗಬೇಕು. ಕಶಾಸಾವನ್ನು ಹಾಗೇ ಕುಡಿದವರು ಹೊರದೇಶಗಳಲ್ಲಿ ಕಡಿಮೆ. ಅದರಿಂದ ಮಾಡುವ ಕಾಕ್‌ಟೇಲ್ ಕೈಪಿರಿನ್ಯಾ ಕುಡಿದವರು ಎಲ್ಲೆಡೆ ಇದ್ದಾರೆ. 60 ಮಿ.ಲೀ. ಕಶಾಸಾ, ಒಂದು ಲೈಮ್ ಹಣ್ಣಿನ ಹೋಳುಗಳು, ನಾಲ್ಕು ಚಮಚ ಸಕ್ಕರೆ, ಐಸ್, ಅಷ್ಟೇ. 2003ರಲ್ಲಿ ಬ್ರೆಜಿಲ್ ಸರ್ಕಾರ ಕೈಪಿರಿನ್ಯಾ ಎಂದರೇನೆಂದು ಕಾನೂನಿನಲ್ಲೇ ಬರೆದಿಟ್ಟಿತು. ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕ (ಆ ಪ್ರದೇಶದ್ದಕ್ಕಷ್ಟೇ ಆ ಹೆಸರು ಎಂಬ ಮಾನ್ಯತೆ) ಸಿಕ್ಕಿತು, 2016ರಲ್ಲಿ ಗೋವಾ ಅದನ್ನು ಪಾರಂಪರಿಕ ಮದ್ಯವೆಂದು ಸಾರಿತು. ಪದವಿ ಬಂತು. ಮೊದಲ ಸಲ ಕುಡಿಯುವವರ ಕೈಗೆ ಕೊಡಬಹುದಾದ, ಎಲ್ಲರೂ ಹೆಸರು ಹಿಡಿದು ಕೇಳುವ ಒಂದು ಪಾನೀಯ ಇನ್ನೂ ಬಂದಿಲ್ಲ.

ಸೋತ ಫೆನಿ ಕಾಕ್‌ಟೇಲ್‌ಗಳು ಸೋತದ್ದು ತಪ್ಪು ಅಳತೆಯಿಂದ. ರಮ್‌ಗೆ ಬರೆದ ಪಾಕವನ್ನು ತೆಗೆದುಕೊಂಡು ರಮ್ ಇದ್ದಲ್ಲಿ ಅಷ್ಟೇ ಫೆನಿ ಸುರಿದರೆ ಗ್ಲಾಸಿನಲ್ಲಿ ಬೇರೆ ಯಾವುದಕ್ಕೂ ಜಾಗವಿರುವುದಿಲ್ಲ. ಗೇರು ಫೆನಿಯಲ್ಲಿ ಎಸ್ಟರ್‌ಗಳು, ಅಂದರೆ ಹಣ್ಣಿನ ಘಮ ಕೊಡುವ ಸಂಯುಕ್ತಗಳು, ಧಾರಾಳ. ಹಾಗಾಗಿ 60ರ ಬದಲು 45 ಮಿ.ಲೀ.ಗೆ ಇಳಿಯಬೇಕು. ಅದಕ್ಕೆ ಆಗ ಹಿಂಡಿದ ನಿಂಬೆರಸ 20 ಮಿ.ಲೀ., ಸಕ್ಕರೆ-ನೀರು ಸಮತೂಕದ ಪಾಕ 20 ಮಿ.ಲೀ., ಒಂದು ಚಿಟಿಕೆ ಉಪ್ಪು. ಶೇಕರ್ ತುಂಬ ಗಟ್ಟಿ ಐಸ್ ಹಾಕಿ ಹತ್ತು ಹನ್ನೆರಡು ಸೆಕೆಂಡ್ ಜೋರಾಗಿ ಕುಲುಕಿ, ಫ್ರೀಜರ್‌ನಲ್ಲಿಟ್ಟ ಸಣ್ಣ ಗ್ಲಾಸಿಗೆ ಸೋಸಬೇಕು. ಸುರಿಯುವ ಹೊತ್ತಿಗೆ ಗ್ಲಾಸಿನಲ್ಲಿ ಹೆಚ್ಚು ಕಡಿಮೆ ಮೂರನೇ ಒಂದು ಪಾಲು ಐಸ್ ಕರಗಿದ ನೀರೇ ಇರುತ್ತದೆ. ಐಸ್ ಮೊದಲೇ ನೀರೊಡೆದಿದ್ದರೆ ಈ ಲೆಕ್ಕ ಕೆಟ್ಟು ಪಾನೀಯ ಸಪ್ಪೆಯಾಗುತ್ತದೆ.

ಸೋಡಾ ತುಂಬಿದ ಉದ್ದ ಗ್ಲಾಸಿನಲ್ಲಿ ಫೆನಿ ಕೆಡುವುದಕ್ಕೆ ಬೇರೆ ಕಾರಣವಿದೆ. ತಣ್ಣಗಿರುವಾಗ ವಾಸನೆ ಅಡಗಿರುತ್ತದೆ. ಐಸ್ ಕರಗಿ ಮದ್ಯಸಾರದ ಪ್ರಮಾಣ ಇಳಿದಂತೆ ಎಸ್ಟರ್‌ಗಳು ದ್ರವದಲ್ಲಿ ನಿಲ್ಲದೆ ಗಾಳಿಗೆ ಏಳುತ್ತವೆ. ಸೋಡಾದ ಗುಳ್ಳೆಗಳು ಅವನ್ನು ಮೂಗಿಗೇ ತಂದು ಮುಟ್ಟಿಸುತ್ತವೆ. ಮೊದಲ ಗುಟುಕಿಗೆ ಹಿತವಾದದ್ದು ಕೊನೆಯ ಗುಟುಕಿಗೆ ಘಾಟಾಗುವುದು ಹೀಗೆ. ಉದ್ದ ಗ್ಲಾಸೇ ಬೇಕಿದ್ದರೆ 30 ಮಿ.ಲೀ. ಸಾಕು, ಐಸ್ ಒಂದೇ ದೊಡ್ಡ ತುಂಡಿರಲಿ. ಅನಾನಸ್ ರಸ ಬೇಡವೇ ಬೇಡ: ಅದರ ಘಮವೂ ಎಸ್ಟರ್‌ಗಳದೇ, ಎರಡೂ ಒಂದರ ಮೇಲೊಂದು ಬಿದ್ದರೆ ಕೊಳೆತ ಹಣ್ಣಿನ ಬುಟ್ಟಿಗೆ ಮೂಗಿಟ್ಟಂತಾಗುತ್ತದೆ.

ಫೆನಿಗೆ ಒಗ್ಗುವುದು ಶುಂಠಿ, ಹಸಿಮೆಣಸು, ಬೆಲ್ಲ, ಉಪ್ಪು. ಎಲ್ಲಕ್ಕಿಂತ ಹೆಚ್ಚಾಗಿ ಪುನರ್ಪುಳಿ, ಉತ್ತರ ಕನ್ನಡದವರ ಮುರುಗಲು. ನಿಂಬೆಗೆ ತನ್ನದೇ ಘಮವಿದೆ. ಪುನರ್ಪುಳಿಯ ಹುಳಿ ಅಷ್ಟು ಮಾತಾಡುವುದಿಲ್ಲ, ಫೆನಿಗೆ ಜಾಗ ಬಿಡುತ್ತದೆ. 20 ಗ್ರಾಂ ಒಣ ಸಿಪ್ಪೆಯನ್ನು 200 ಮಿ.ಲೀ. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ ಸೋಸಿ. ಕುದಿಸಬೇಡಿ, ಬಣ್ಣ ಮಂಕಾಗುತ್ತದೆ. 45 ಮಿ.ಲೀ. ಫೆನಿಗೆ ಈ ನೀರು 40 ಮಿ.ಲೀ., ಬೆಲ್ಲದ ಪಾಕ 20 ಮಿ.ಲೀ. ಅಂಗಡಿಯ ಸಿಪ್ಪೆಗೆ ಉಪ್ಪು ಹತ್ತಿರುವುದುಂಟು, ರುಚಿ ನೋಡಿಯೇ ಉಪ್ಪು ಹಾಕಿ. ಗೇರು ಫೆನಿಯ ವಾಸನೆ ಒಗ್ಗದವರಿಗೆ ತೆಂಗಿನ ಫೆನಿಯಿಂದ ಶುರು ಮಾಡಬಹುದು. ಇಲ್ಲವೇ 45 ಮಿ.ಲೀ. ಬಿಳಿ ರಮ್‌ಗೆ 15 ಮಿ.ಲೀ. ಗೇರು ಫೆನಿ ಸೇರಿಸಬಹುದು.

ಇದರಲ್ಲಿ ನಮ್ಮ ಕರಾವಳಿಯ ಹಿತವೂ ಇದೆ. ದಕ್ಷಿಣ ಕನ್ನಡ, ಉತ್ತರ ಕನ್ನಡದ ಗೇರು ತೋಟಗಳಲ್ಲಿ ಬೀಜ ತಿರುವಿಕೊಂಡ ಮೇಲೆ ಹಣ್ಣು ಬಹುಪಾಲು ಮರದಡಿಯೇ ಕೊಳೆಯುತ್ತದೆ. ನಾವು ಏನೇ ಇಳಿಸಿದರೂ ಗೋವಾ ಫೆನಿ ಎಂಬ ಹೆಸರು ಹಾಕುವಂತಿಲ್ಲ, ಹಾಕಲೂಬಾರದು. ಆದರೆ ಗೇರುಹಣ್ಣಿನ ಮದ್ಯಕ್ಕೆ ಬೇಡಿಕೆಯಿದೆ ಎಂದು ಗೋವಾದ ಬಾರ್‌ಗಳು ತೋರಿಸಿಕೊಟ್ಟರೆ ಮಾತ್ರ ಇಲ್ಲಿಯ ಅಬಕಾರಿ ನಿಯಮ ಬರೆಯುವವರು ಆ ಹಣ್ಣಿನ ಕಡೆ ಕಣ್ಣು ಹಾಯಿಸುತ್ತಾರೆ.

ವಿರೋಧ: ನಿಂಬೆರಸ ಮುಚ್ಚುವುದು ವಾಸನೆಯನ್ನಲ್ಲ, ತಪ್ಪನ್ನು

ಫೆನಿ ಇಳಿಸುವವನ ಕೆಲಸ ಎಲ್ಲೆಲ್ಲಿ ಕೆಡಬಹುದು ಎಂದು ಮೊದಲು ನೋಡಬೇಕು. ಹಣ್ಣು ತಾನಾಗಿ ಉದುರಿದ್ದೇ ಆಗಬೇಕು. ಮರದಿಂದ ಕಿತ್ತ ಹಣ್ಣಿನಲ್ಲಿ ಸಕ್ಕರೆ ಕಡಿಮೆ, ಒಗರು ಹೆಚ್ಚು. ಬೀಜ ತೆಗೆದ ಹಣ್ಣನ್ನು ಕಲ್ಲಿನ ತೊಟ್ಟಿಯಲ್ಲಿ ತುಳಿದು ರಸ ತೆಗೆಯುತ್ತಾರೆ. ಯೀಸ್ಟ್ ಹಾಕುವ ಪದ್ಧತಿಯಿಲ್ಲ, ಹಣ್ಣಿನ ಮೇಲೆ, ಮಡಕೆಯಲ್ಲಿ ಇರುವುದೇ ರಸವನ್ನು ಹುಳಿ ಬರಿಸುತ್ತದೆ. ಎರಡು ಮೂರು ದಿನದಲ್ಲಿ ಒಲೆಗೆ ಏರಬೇಕು. ತಡವಾದರೆ ವಿನೆಗರ್ ಕಡೆಗೆ ತಿರುಗುತ್ತದೆ, ಆ ಚುಚ್ಚುವ ವಾಸನೆ ಆವಿಯ ಜೊತೆ ಇಳಿದು ಬರುತ್ತದೆ. ಬೆಂಕಿ ಜೋರಾದರೆ ತಳ ಹಿಡಿದು ಸೀದ ವಾಸನೆ ಸೇರುತ್ತದೆ. ಆವಿಯನ್ನು ತಣಿಸುವ ನೀರು ಬಿಸಿಯಾಗಿಬಿಟ್ಟರೆ ಒಳ್ಳೆಯ ಘಮವೆಲ್ಲ ಗಾಳಿ ಪಾಲು. ಮೊದಲ ಸಲ ಇಳಿದದ್ದು ಉರಾಕ್. ಅದಕ್ಕೆ ಹುಳಿತ ರಸವನ್ನೇ ಒಂದಿಷ್ಟು ಕೂಡಿಸಿ ಮತ್ತೆ ಇಳಿಸಿದರೆ ಫೆನಿ; ಬಾಟಲಿಯಲ್ಲಿ ಅದರ ಮದ್ಯಸಾರ ಸಾಮಾನ್ಯವಾಗಿ ಶೇ. 42.8.

ಈ ಒಂದೊಂದು ತಪ್ಪೂ ಬರೀ ಫೆನಿಯಲ್ಲಿ ತಕ್ಷಣ ಗೊತ್ತಾಗುತ್ತದೆ. ನಿಂಬೆರಸ 20 ಮಿ.ಲೀ., ಪಾಕ 20 ಮಿ.ಲೀ., ಉಪ್ಪು ಹಾಕಿ ಕುಲುಕಿದ ಮೇಲೆ ಯಾವುದೂ ಗೊತ್ತಾಗುವುದಿಲ್ಲ. ವಿನೆಗರ್‌ನ ಹುಳಿ ನಿಂಬೆಯ ಹುಳಿಯಲ್ಲಿ ಕರಗುತ್ತದೆ. ಸೀದ ವಾಸನೆಗೆ ‘ಹೊಗೆಯ ಛಾಯೆ’ ಎಂಬ ಗೌರವದ ಹೆಸರು ಬರುತ್ತದೆ. ಉದುರಿದ ಹಣ್ಣನ್ನೇ ಆರಿಸಿ, ಬೆಂಕಿ ಕಾಯ್ದು, ತಣ್ಣೀರು ಎರೆದು ಇಳಿಸಿದವನಿಗೂ ಕೈಗೆ ಸಿಕ್ಕಿದ್ದನ್ನು ಬೇಯಿಸಿದವನಿಗೂ ಶೇಕರ್ ಒಂದೇ ಬೆಲೆ ಕಟ್ಟುತ್ತದೆ. ಹಾಗಿದ್ದಮೇಲೆ ಒಳ್ಳೆಯದನ್ನು ಮಾಡುವ ಶ್ರಮ ಯಾರಿಗೆ ಬೇಕು? ನಮ್ಮ ಆಕ್ಷೇಪದ ತಿರುಳು ಇದು.

ಕಲಬೆರಕೆಯ ಮಾತೂ ಇಲ್ಲಿಗೇ ಬರುತ್ತದೆ. ಕಾಕಂಬಿಯ ಮದ್ಯಸಾರಕ್ಕೆ ಒಂದಿಷ್ಟು ಫೆನಿ ಸೇರಿಸಿ ಮಾರುವುದು ಗೋವಾದಲ್ಲಿ ಹಳೆಯ ದೂರು. ಅದನ್ನು ಹಿಡಿಯಲು ಸಾಮಾನ್ಯ ಗಿರಾಕಿಗೆ ಇರುವ ಉಪಾಯ ಮೂಗು ಮಾತ್ರ. ಅಂಗೈಗೆ ನಾಲ್ಕು ಹನಿ ಹಾಕಿ ಉಜ್ಜಿ, ಮದ್ಯಸಾರ ಆರಿದ ಮೇಲೆ ಮೂಸಿದರೆ ಹಣ್ಣಿನ ಘಮ ಉಳಿದಿರಬೇಕು. ಕಲಬೆರಕೆಯಲ್ಲಿ ಅದು ಬೇಗ ಆರಿಹೋಗುತ್ತದೆ. ರಮ್ 45ಕ್ಕೆ ಫೆನಿ 15 ಎಂಬ ಪಾಕ ಹೇಳುವವರು ಯೋಚಿಸಲಿ: ಮುಕ್ಕಾಲು ಪಾಲು ಬೇರೆ ಮದ್ಯ, ಕಾಲು ಪಾಲು ಫೆನಿ. ಕಲಬೆರಕೆ ಮಾಡುವವನ ಅಳತೆಯೂ ಇಂಥದ್ದೇ. ಕುಡಿಯುವವನಿಗೆ ತಿಳಿಸಿ ಬೆರೆಸುವುದು ಬೇರೆ, ನಿಜ. ಆದರೆ ಆ ರುಚಿಯನ್ನೇ ಫೆನಿ ಎಂದು ಕಲಿತ ನಾಲಗೆ ನಾಳೆ ಅಸಲಿ ಫೆನಿ ಕೊಟ್ಟರೆ ‘ಇದು ಘಾಟು’ ಎಂದು ಪಕ್ಕಕ್ಕಿಡುತ್ತದೆ.

ಕಶಾಸಾದ ಉದಾಹರಣೆ ಕೊಡುವವರು ಮೆಕ್ಸಿಕೋದಲ್ಲಿ ಅಗಾವೆ ಗಿಡದಿಂದ ಇಳಿಸುವ ಟಕೀಲಾದ ಕಥೆಯನ್ನು ಬಿಟ್ಟುಬಿಡುತ್ತಾರೆ. ಮಾರ್ಗರಿಟಾ ಎಂಬ ಕಾಕ್‌ಟೇಲ್ ಟಕೀಲಾವನ್ನು ಲೋಕವಿಖ್ಯಾತ ಮಾಡಿತು. ಜೊತೆಗೆ, ಸಕ್ಕರೆಯಲ್ಲಿ ಶೇ. 51 ಮಾತ್ರ ಅಗಾವೆಯದಾಗಿದ್ದು ಉಳಿದದ್ದು ಕಬ್ಬು ಮುಂತಾದವುಗಳದಾದರೂ ಟಕೀಲಾ ಎಂದೇ ಮಾರಬಹುದು ಎಂಬ ನಿಯಮ ಮೆಕ್ಸಿಕೋದಲ್ಲಿ ನಿಂತಿತು. ಆ ಅಗ್ಗದ ಬಾಟಲಿಗಳು ಹೋಗುತ್ತಿದ್ದದ್ದು ಹೆಚ್ಚಾಗಿ ಬೆರಕೆಯ ಗ್ಲಾಸುಗಳಿಗೇ. ಹುಳಿ, ಸಿಹಿ, ಉಪ್ಪಿನ ನಡುವೆ ಅರ್ಧ ಅಗಾವೆಯೂ ಇಡೀ ಅಗಾವೆಯಂತೆ ನಡೆದುಹೋಗುತ್ತದೆ. ಗೇರುಹಣ್ಣಿನ ಸುಗ್ಗಿ ವರ್ಷಕ್ಕೊಮ್ಮೆ, ಹೆಚ್ಚೆಂದರೆ ಮಾರ್ಚ್‌ನಿಂದ ಮೇವರೆಗೆ. ಹಣ್ಣು ಒಂದು ದಿನವೂ ಇಟ್ಟುಕೊಳ್ಳಲಾಗದಷ್ಟು ಮೆತ್ತಗೆ. ವರ್ಷಪೂರ್ತಿ ಒಂದೇ ರುಚಿಯ, ಘಾಟಿಲ್ಲದ ಫೆನಿ ಬೇಕೆಂದು ಬಾರ್‌ಗಳು ಕೇಳತೊಡಗಿದರೆ ಅದನ್ನು ಪೂರೈಸುವುದು ಹಳ್ಳಿಯ ಭಟ್ಟಿಯಲ್ಲ. ಮೂರನೇ ಸಲ ಇಳಿಸಿ ವಾಸನೆ ತೆಗೆಯುವ ಕಾರ್ಖಾನೆ ಪೂರೈಸುತ್ತದೆ.

ಬೆರೆಸಿ ಕುಡಿಯುವ ಆಸೆಗೆ ಗೋವಾದವರೇ ದಾರಿ ಮಾಡಿಟ್ಟಿದ್ದಾರೆ, ಅದು ಉರಾಕ್. ಮದ್ಯಸಾರ ಸುಮಾರು ಶೇ. 15, ಬೇಸಿಗೆ ಕಳೆದರೆ ಉಳಿಯುವುದಿಲ್ಲ. 60ರಿಂದ 90 ಮಿ.ಲೀ. ಉರಾಕ್, ಕಾಲು ನಿಂಬೆ, ಸೀಳಿದ ಹಸಿಮೆಣಸು ಒಂದು, ಉಪ್ಪು, ಮೇಲೆ ನಿಂಬೆ ಸೋಡಾ. ಹಸಿ, ಹಗುರ ಮದ್ಯಕ್ಕೆ ಈ ಜೊತೆ ಸರಿಹೊಂದುತ್ತದೆ, ಅದರಿಂದ ಯಾರ ಕಸುಬೂ ಮಾಸುವುದಿಲ್ಲ. ಫೆನಿ ಎರಡನೇ ಸಲ ಬೆಂಕಿ ಕಂಡದ್ದು, ಅದನ್ನು ಕುಡಿಯುವ ಕ್ರಮ ಬೇರೆ. ಬಾಯಿ ಸ್ವಲ್ಪ ಕಿರಿದಾದ ಗ್ಲಾಸಿಗೆ 30 ಮಿ.ಲೀ. ಹಾಕಿ ಐದು ನಿಮಿಷ ಬಿಡಿ, ಮೊದಲ ಚುರುಕು ಹೋಗಲಿ. ಆಮೇಲೆ ಅಷ್ಟೇ ತಣ್ಣೀರು, ಸ್ವಲ್ಪ ಸ್ವಲ್ಪವಾಗಿ. ಐಸ್ ಬೇಡ, ಐಸ್ ಹಾಕಿದರೆ ಘಮ ಮುದುಡುತ್ತದೆ, ದುಡ್ಡು ಕೊಟ್ಟದ್ದು ಅದಕ್ಕೇ. ನೀರು ಸೇರಿದಂತೆ ಹಣ್ಣಿನ ವಾಸನೆ ಬಿಚ್ಚಿಕೊಳ್ಳುತ್ತದೆ. ಕಾಕ್‌ಟೇಲ್ ಪರವಾದಿಗಳು ತೊಂದರೆ ಎಂದು ಹೇಳುವ ಎಸ್ಟರ್‌ಗಳೇ ಇಲ್ಲಿ ಫೆನಿಯ ಸಂಪತ್ತು.

ಕಾಕ್‌ಟೇಲ್‌ಗಳನ್ನು ನಿಷೇಧಿಸಿ ಎಂದು ನಾವು ಕೇಳುತ್ತಿಲ್ಲ. ಫೆನಿ ಹೆಸರಿನಲ್ಲಿ ಬೆರಕೆ ಪಾನೀಯ ಮಾರುವ ಬಾರ್ ಅದೇ ಬಾಟಲಿಯನ್ನು 30 ಮಿ.ಲೀ. ಲೆಕ್ಕದಲ್ಲಿ ಬರೀ ಫೆನಿಯಾಗಿಯೂ ಮಾರಲಿ. ಗೇರಿನದೋ ತೆಂಗಿನದೋ, ಯಾವ ಭಟ್ಟಿಯದು, ಯಾವ ವರ್ಷದ ಸುಗ್ಗಿಯದು ಎಂಬುದು ಮೆನುವಿನಲ್ಲಿ ಇರಲಿ. ಹಾಗೆ ಬರೆಯಲು ಒಪ್ಪದ ಕಡೆ ಶೇಕರ್‌ನೊಳಗೆ ಏನು ಬೀಳುತ್ತಿದೆ ಎಂದು ಕೇಳುವ ಹಕ್ಕು ಗಿರಾಕಿಗಿದೆ.