ಬೀದಿ ಹಬ್ಬಕ್ಕೆ ಬೀದಿಯ ಅಂಗಡಿಗಳೇ ಬೇಡವಾದವಾ?

ಬೆಂಗಳೂರಿನಲ್ಲಿ ಈಗ ಬಡಾವಣೆಗೊಂದು ಬೀದಿ ಹಬ್ಬ. ಪೋಸ್ಟರ್ ತುಂಬ "ಸ್ಥಳೀಯ ಅಂಗಡಿಗಳಿಗೆ ಪ್ರೋತ್ಸಾಹ" ಅನ್ನೋ ಮಾತು. ಹೋಗಿ ನೋಡಿದರೆ ಬೀದಿ ಉದ್ದಕ್ಕೂ ಫುಡ್ ಟ್ರಕ್ಕು, ಅದರ ಹಿಂದೆ ಗ್ರಂದಿಗೆ ಅಂಗಡಿ, ಕಾಂಡಿಮೆಂಟ್ಸು, ಹೂವಿನ ಅಂಗಡಿ ಎಲ್ಲ ಮುಚ್ಚಿಹೋಗಿರುತ್ತವೆ. ಶಟರ್ ತೆರೆದೇ ಇರುತ್ತೆ, ಒಳಗೆ ಹೋಗೋಕೆ ದಾರಿ ಇರಲ್ಲ.

ಇದು ಜನ ಜಾಸ್ತಿ ಬಂದದ್ದಕ್ಕೆ ಆಗೋ ತೊಂದರೆ ಅಲ್ಲ, ಗಾಡಿ ನಿಲ್ಲಿಸೋ ರೀತಿಯಿಂದಲೇ ಆಗೋದು. ಟ್ರಕ್ಕಿನ ಕಿಟಕಿ ರಸ್ತೆ ಕಡೆ ಇದ್ದ ಮೇಲೆ ಬೆನ್ನು ಅಂಗಡಿ ಕಡೆ ತಾನೆ? ಜನರೇಟರು, ಸಿಲಿಂಡರು, ಎಂಜಲು ನೀರಿನ ಬಕೆಟ್ಟು ಎಲ್ಲ ಆ ಬೆನ್ನಿನಲ್ಲೇ ಇರೋದು. ಅಂದರೆ ಅಂಗಡಿಯ ಹೊಸಿಲಲ್ಲಿ. ಸಂಜೆ ನಾಲ್ಕರಿಂದ ರಾತ್ರಿ ಹನ್ನೊಂದರವರೆಗೆ ಪೆಟ್ರೋಲ್ ಹೊಗೆ ನೇರ ಅಂಗಡಿಯೊಳಕ್ಕೆ. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ, ಗಲ್ಲಾದಲ್ಲಿ ಕೂತವರು ಏಳು ಗಂಟೆ ಅದನ್ನೇ ಕುಡೀಬೇಕು. ಹೂವಿನವರಿಗೆ ಸಂಜೆಯೇ ವ್ಯಾಪಾರ. ಅವತ್ತು ಮಾರದ ಮಲ್ಲಿಗೆ ಮಾರನೇ ದಿನ ಕಸ. ಅದಕ್ಕೆ ದುಡ್ಡು ಕೊಡೋರು ಯಾರು?

ಟ್ರಕ್ಕುಗಳನ್ನ ಪಾರ್ಕಿನ ಬೇಲಿ, ಶಾಲೆಯ ಕಾಂಪೌಂಡು, ಮುಚ್ಚಿದ ಬ್ಯಾಂಕು, ಇಂಥ ಕಡೆ ನಿಲ್ಲಿಸಿ ಸ್ವಾಮಿ. ಅಂಗಡಿ ಮುಂದೆ ನಿಲ್ಲಿಸಲೇಬೇಕು ಅಂದರೆ ಪ್ರತಿ ಬಾಗಿಲಿಗೂ ಎದುರಾಗಿ ಆರಡಿ ಬಿಡಿ. ಹಿಂದಿನ ದಿನ ಒಬ್ಬರು ಟೇಪು, ಸೀಮೆಸುಣ್ಣ ಹಿಡಿದು ಬೀದಿ ಅಳೆದರೆ ಮುಗಿಯೋ ಕೆಲಸ. ಬಸವನಗುಡಿಯಲ್ಲಿ ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆ ಆಗುತ್ತಲ್ಲ, ಅಲ್ಲಿ ರಾಶಿ ಹಾಕಿಕೊಂಡು ನೆಲಕ್ಕೆ ಕೂತವರ ತಲೆ ಮೇಲಿಂದ ಹಿಂದಿನ ಅಂಗಡಿಯ ಬೋರ್ಡು ಕಾಣುತ್ತೆ. ಎಂಟಡಿ ಎತ್ತರದ ಡಬ್ಬ ತಂದು ನಿಲ್ಲಿಸಿದರೆ ಏನು ಕಾಣುತ್ತೆ?

ಇನ್ನು ನೀರು. ಬಹಳಷ್ಟು ಗಾಡಿಗಳಲ್ಲಿ ಇಡೀ ಸಂಜೆಗೆ ಇಪ್ಪತ್ತು ಲೀಟರಿನ ಒಂದೋ ಎರಡೋ ಕ್ಯಾನು. ಇನ್ನೂರು ಜನ ತಿಂದರು ಅಂತಿಟ್ಟುಕೊಳ್ಳಿ, ಒಂದು ಕ್ಯಾನಿನಲ್ಲಿ ತಲೆಗೆ ನೂರು ಮಿಲೀ. ಅದರಲ್ಲೇ ಹಿಟ್ಟು ಕಲಸೋದು, ಕೈ ತೊಳೆಯೋದು, ಸೌಟು ತೊಳೆಯೋದು. ಹಾಗಾಗಿಯೇ ಒಂದೇ ಬಕೆಟ್ಟಿನಲ್ಲಿ ಎಲ್ಲವನ್ನೂ ಅದ್ದಿ ಅದ್ದಿ ತೆಗೀತಾರೆ. ಎಂಟು ಗಂಟೆಗೆ ಆ ನೀರು ನೋಡಿ, ಬೂದು ಬಣ್ಣ, ಮೇಲೆ ಜಿಡ್ಡಿನ ಪದರ. ಗಾಡಿಯವರನ್ನ ಬೈದು ಏನು ಪ್ರಯೋಜನ? ಸಾವಿರಾರು ರೂಪಾಯಿ ಬಾಡಿಗೆ ವಸೂಲಿ ಮಾಡೋ ಆಯೋಜಕರು ಒಂದು ಟ್ಯಾಂಕರು ತರಿಸಿ, ನಾಲ್ಕು ಗಾಡಿಗೊಂದು ನಲ್ಲಿ ಕೊಡಬೇಕಿತ್ತು. ಬೆಸ್ಕಾಂನಿಂದ ತಾತ್ಕಾಲಿಕ ಕರೆಂಟ್ ಸಂಪರ್ಕ ಸಿಗುತ್ತೆ, ಮೊದಲೇ ಅರ್ಜಿ ಹಾಕಬೇಕು ಅಷ್ಟೆ. ಅದನ್ನ ಮಾಡಿದ್ದರೆ ಜನರೇಟರೇ ಬೇಕಿರಲಿಲ್ಲ. ಜನರೇಟರ್ ಕೆಟ್ಟು ಫ್ರಿಜ್ ನಿಂತಾಗ ಮಯೊನೀಸು, ಪನೀರು ಐದು ಡಿಗ್ರಿ ದಾಟಿ ಹಾಳಾಗೋದೂ ತಪ್ಪುತ್ತಿತ್ತು.

ಎಣ್ಣೆ ಕಥೆ ಇನ್ನೂ ಕೆಟ್ಟದ್ದು. ಬಾಣಲೆಯ ಎಣ್ಣೆ ಕಪ್ಪಾಗಿ, ನೊರೆ ಬಂದು, ಹೊಗೆ ಎದ್ದರೂ ಚೆಲ್ಲಲ್ಲ, ಮೇಲೆ ಮೇಲೆ ಹೊಸದು ಸುರೀತಾರೆ. ಎಣ್ಣೆ ಮತ್ತೆ ಮತ್ತೆ ಕಾಯಿಸಿದಾಗ ಕೆಟ್ಟು ಅದರಲ್ಲಿ ಹುಟ್ಟೋ ಅಂಶಗಳು, ಅಂದರೆ ಟೋಟಲ್ ಪೋಲಾರ್ ಕಾಂಪೌಂಡ್ಸ್, ಶೇ. 25 ದಾಟಿದರೆ ಆ ಎಣ್ಣೆ ಬಳಸಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ನಿಯಮವೇ ಇದೆ. ಕೊನೆಗೆ ರಾತ್ರಿ ಆ ಎಣ್ಣೆ ಹೋಗೋದು ಮಳೆನೀರಿನ ಚರಂಡಿಗೆ, ಅಲ್ಲಿಂದ ರಾಜಕಾಲುವೆ, ಕೆರೆ. ಚರಂಡಿಯಲ್ಲಿ ಜಿಡ್ಡು ಗಟ್ಟಿಯಾಗಿ, ಅದಕ್ಕೆ ಪ್ಲೇಟು, ಲೋಟ ಅಂಟಿಕೊಂಡು ಕಟ್ಟಿಕೊಳ್ಳುತ್ತೆ. ಬೆಳಿಗ್ಗೆ ಅದನ್ನ ಎತ್ತೋರು ಪೌರಕಾರ್ಮಿಕರು, ವಾಸನೆ ಕುಡಿಯೋರು ಅದೇ ಅಂಗಡಿಯವರು. ಎರಡು ಇನ್ನೂರು ಲೀಟರಿನ ಡ್ರಮ್ಮು ಇಟ್ಟು, ಬಳಸಿದ ಎಣ್ಣೆಯನ್ನ ಬಯೋಡೀಸೆಲ್‌ಗೆ ಕೊಂಡುಕೊಳ್ಳೋರಿಗೆ ಹಾಕಿದರೆ ಎದುರು ದುಡ್ಡೇ ಬರುತ್ತೆ.

ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಸರ್ಕಾರ 2024ರ ಮಾರ್ಚ್‌ನಲ್ಲೇ ಆದೇಶ ಮಾಡಿದೆ. ಈಗಲೂ ತಟ್ಟೆ ಕುಂಕುಮದಷ್ಟು ಕೆಂಪು.

ಇದೆಲ್ಲದರ ಮೇಲೆ ಕೂಪನ್ನು! ಐವತ್ತರ ಕೂಪನ್ ಮಾತ್ರ ಕೊಡ್ತಾರೆ, ತಿಂಡಿಗೆ ನೂರಿಪ್ಪತ್ತು. ಮೂರು ಕೂಪನ್ ಕೊಟ್ಟರೆ ಮೂವತ್ತು ರೂಪಾಯಿ ಹೋಯಿತು, ಚಿಲ್ಲರೆ ಇಲ್ಲ, ಉಳಿದ ಕೂಪನ್ ವಾಪಸ್ಸೂ ಇಲ್ಲ. ಪಕ್ಕದ ಕಾಂಡಿಮೆಂಟ್ಸ್‌ನಲ್ಲಿ ಬಿಸಿ ಕೋಡುಬಳೆ ಇದ್ದರೂ ಅಲ್ಲಿ ಆ ಕೂಪನ್ ನಡೆಯಲ್ಲ, ಯಾಕಂದರೆ ಆ ಅಂಗಡಿಯವರನ್ನ ಆಯೋಜಕರು ಸೇರಿಸಿಕೊಂಡೇ ಇಲ್ಲ. ಜೇಬಿನಲ್ಲಿದ್ದ ದುಡ್ಡನ್ನ ಮೊದಲೇ ಕೂಪನ್ನಿಗೆ ಹಾಕಿಸಿಕೊಂಡ ಮೇಲೆ ಜನ ಬೀದಿಯ ಅಂಗಡಿಯಲ್ಲಿ ಏನು ಕೊಂಡಾರು? ಊರೆಲ್ಲ ಯುಪಿಐ ಇರುವಾಗ ಕೂಪನ್ ಯಾಕೆ ಬೇಕು ಹೇಳಿ. ಬೇಕೇ ಬೇಕು ಅಂದರೆ ಹತ್ತು ರೂಪಾಯಿಯದ್ದು ಅಚ್ಚು ಹಾಕಿಸಿ, ಬೀದಿಯ ಪ್ರತಿ ಅಂಗಡಿಯಲ್ಲೂ ನಡೆಯೋ ಹಾಗೆ ಮಾಡಿ, ಉಳಿದದ್ದನ್ನ ಅದೇ ರಾತ್ರಿ ಅದೇ ಕೌಂಟರಿನಲ್ಲಿ ವಾಪಸ್ ತಗೊಳ್ಳಿ.